ಹುಸಿ ಹೆಣಕ್ಕೆ ಅತ್ತವಳು

ದುರ್ಗವ್ವನಿಗೆ ಅಕ್ಷರ ಬರುವುದಿಲ್ಲ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ. ಬಸ್ಸಿನ ಬೋರ್ಡು ಓದಿಸಿಕೊಳ್ಳುವಾಗ "ನಮ್ಮ ಸಾಲಿ ಒಲಿ ಮುಂದನ ಮುಗೀತ್ರಿ" ಎಂದು ತಾನೇ ನಕ್ಕುಬಿಡುತ್ತಿದ್ದಳು. ಹಾಗಾಗಿ ಅವಳ ಮಗಳು ಜ್ಯೋತಿ ಪುಸ್ತಕ ಬರೆದಿದ್ದಾಳೆ ಎಂಬ ಸುದ್ದಿ ಹಬ್ಬಿದಾಗ ದಾಂಡೇಲಿಯ ಕಾರ್ಮಿಕರ ಸಾಲುಮನೆಗಳ ಹಳೇ ಚಾಳಿನ ಹೆಂಗಸರು ಒಳಗೊಳಗೇ ನಕ್ಕರು. ಬರೆದವಳು ಮಗಳು, ಓದಲಾರದವಳು ತಾಯಿ, ಇದಕ್ಕಿಂತ ಚೆಂದದ ಜೋಡಿ ಎಲ್ಲಿ ಸಿಗಬೇಕು ಅಂತ.

ಆದರೆ ಅದು ಚಿತ್ರದ ಪುಸ್ತಕ. ಧಾರವಾಡದ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುವ ಜ್ಯೋತಿ ತನ್ನ ಬಾಲ್ಯವನ್ನೆಲ್ಲ ಚೌಕ ಚೌಕವಾಗಿ ಚಿತ್ರ ತೆಗೆದು, ಕೆಳಗೆ ನಾಲ್ಕು ನಾಲ್ಕು ಮಾತು ಬರೆದು, ದಪ್ಪನೆಯ ಪುಸ್ತಕ ಮಾಡಿದ್ದಳು. ಹೆಸರು 'ಗೇಟಿನ ಹೊರಗೆ'. ಹಳಿಯಾಳ ರಸ್ತೆಯಲ್ಲಿದ್ದ ರಟ್ಟಿನ ಫ್ಯಾಕ್ಟರಿಯ ಮುಷ್ಕರದ ಕಥೆ ಅದು. ಆ ಫ್ಯಾಕ್ಟರಿ ಈಗಿಲ್ಲ. ಅದರ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಆದರೆ ಜ್ಯೋತಿ ಒಂಬತ್ತು ವರ್ಷದವಳಿದ್ದಾಗ ಒಂದು ಇಡೀ ಮಳೆಗಾಲ ಅದರ ಗೇಟಿಗೆ ಬೀಗ ಬಿದ್ದು, ಚಾಳಿನ ಗಂಡಸರೆಲ್ಲ ಕೆಂಪು ಬಾವುಟ ನೆಟ್ಟು ಹೊರಗೆ ಕೂತಿದ್ದರು. ಅವರು ಅದನ್ನು ಮುಷ್ಕರ ಅನ್ನುತ್ತಿರಲಿಲ್ಲ, ಕ್ರಾಂತಿ ಅನ್ನುತ್ತಿದ್ದರು. ದಾಂಡೇಲಿಯಲ್ಲಿ ಹೊತ್ತಿದ್ದು ಹಳಿಯಾಳಕ್ಕೆ ಹಬ್ಬುತ್ತದೆ, ಹಳಿಯಾಳದ್ದು ದಿಲ್ಲಿಗೆ ಹಬ್ಬುತ್ತದೆ ಎಂದು ಯೂನಿಯನ್ನಿನ ಅಧ್ಯಕ್ಷ ಶೇಖಪ್ಪ ಮೈಕು ಹಿಡಿದು ಕೂಗುತ್ತಿದ್ದ. ಶೇಖಪ್ಪ ಅಂದರೆ ದುರ್ಗವ್ವನ ಗಂಡ, ಜ್ಯೋತಿಯ ಅಪ್ಪ. ಅವನ ಕ್ರಾಂತಿ ಊರ ಹೊರಗಿನ ಚೆಕ್‌ಪೋಸ್ಟನ್ನೂ ದಾಟಲಿಲ್ಲ, ಆ ಮಾತು ಬೇರೆ.

ಪುಸ್ತಕ ಬಿಡುಗಡೆಯ ದಿನ ಬೆಳಿಗ್ಗೆ ದುರ್ಗವ್ವ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಗಣೇಶಗುಡಿಯ ಹೋಂಸ್ಟೇಗಳಿಗೆ ಜೋಳದ ರೊಟ್ಟಿ ಮಾಡಿ ಕಳಿಸುವುದು ಅವಳ ಕೆಲಸ. ಹೊಳೆಯಲ್ಲಿ ರಬ್ಬರ್ ದೋಣಿ ಆಡಲು ಬರುವವರಿಗೆ ಹಸಿವು ಜಾಸ್ತಿ. ಹಿಂದಿನ ದಿನ ಧಾರವಾಡದ ಬಸ್ಸಿಗೆ ಬಂದಿದ್ದ ಜ್ಯೋತಿ ಪೆಟ್ಟಿಗೆ ಬಿಚ್ಚಿ ಒಂದು ಪುಸ್ತಕ ತಂದು ತಾಯಿಯ ಮುಂದೆ ಹಿಡಿದಳು.

"ಇದನ್ನ ನೀನೂ ಓದಬಹುದವ್ವಾ. ಅಕ್ಷರ ಬ್ಯಾಡ, ಚಿತ್ರಾ ನೋಡಕೋತ ಹೋಗು, ಎಲ್ಲಾ ತಿಳೀತೈತಿ."

"ಹೌದನ?" ಎಂದು ದುರ್ಗವ್ವ ತವೆ ಇಳಿಸಿಯೇಬಿಟ್ಟಳು. ಕೈಗೆ ಸೋಪು ಹಚ್ಚಿ ತೊಳೆದು, ಮಡಿಲಿಗೆ ಒಗೆದ ಟವೆಲು ಹಾಸಿ, ಅದರ ಮೇಲೆ ಪುಸ್ತಕ ಇಟ್ಟುಕೊಂಡು ಗೋಡೆಗೆ ಒರಗಿದಳು. ಅರವತ್ತು ದಾಟಿದ ಮೇಲೆ ಮೊದಲ ಪುಸ್ತಕ. ನಗು ತಡೆಯಲಾಗಲಿಲ್ಲ.

ಎಷ್ಟು ಚೆಂದ ತೆಗೆದಿದ್ದಳು ಹುಡುಗಿ! ಚಾಳಿನ ನಳ, ಅದರ ಮುಂದೆ ಸಾಲುಗಟ್ಟಿದ ಕೊಡಗಳು, ಬಾವುಟದ ಬಟ್ಟೆ ಜಗ್ಗಿ ತಿನ್ನುತ್ತಿದ್ದ ಆಡು. "ಯವ್ವಾ, ಈ ಆಡಿಂದೂ ನೆನಪಿಟ್ಟಿಯಲ್ಲ!" ಎಂದು ದುರ್ಗವ್ವ ಕೈ ಬಡಿದಳು. ಯೂನಿಯನ್ನಿನ ಕಾರ್ಯದರ್ಶಿ ಈಶಪ್ಪನ ಮೀಸೆಯನ್ನಂತೂ ಅದರ ಮಾಲೀಕನಿಗಿಂತ ಚೆನ್ನಾಗಿ ತೆಗೆದಿದ್ದಳು. ಶೇಖಪ್ಪ ಪುಟಪುಟದಲ್ಲೂ ಇದ್ದ. ಮೈಕು ಹಿಡಿದ ಶೇಖಪ್ಪ, ಬೀಡಿ ಹಚ್ಚುವ ಶೇಖಪ್ಪ, ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಗೇಟಿನತ್ತ ನಡೆಯುವ ಶೇಖಪ್ಪ. ದುರ್ಗವ್ವ ಅವನ ಕೆನ್ನೆಯ ಮೇಲೆ ಮೆಲ್ಲಗೆ ಬೆರಳು ಆಡಿಸಿದಳು.

ಆಮೇಲೆ ಆ ಪುಟ ಬಂತು. ಎಡಗಡೆ ಅವಳೇ ಇದ್ದಳು. ತಲೆಗೂದಲು ಕೆದರಿಕೊಂಡು, ಬಾಯಿ ಇಷ್ಟಗಲ ತೆರೆದು, ಕೈಯ ಹಸಿರು ಬಳೆಗಳನ್ನು ಕಲ್ಲಿಗೆ ಬಡಿದು ಒಡೆಯುತ್ತಿದ್ದಳು. ಒಡೆದ ಬಳೆಯ ಚೂರುಗಳು ಹಾರಿ, ಪುಟದ ನಡುವಿನ ಮಡಿಕೆ ದಾಟಿ, ಬಲಗಡೆಯ ಚಿತ್ರದಲ್ಲಿ ಬೀಳುತ್ತಿದ್ದವು. ಅಲ್ಲಿ ಮಳೆ. ಉರುಳಿಬಿದ್ದ ಟೆಂಪೋ. ಅದರ ಪಕ್ಕ ಶೇಖಪ್ಪನ ಹೆಣ. ಅವನ ಎದೆಯ ತುಂಬ ಹಸಿರು ಚೂರು.

ಆ ಎಡಗಡೆಯ ದಿನವೂ ಖರೆ, ಬಲಗಡೆಯ ದಿನವೂ ಖರೆ. ಎರಡನ್ನೂ ಕೂಡಿಸುವ ಆ ಚೂರುಗಳನ್ನು ದುರ್ಗವ್ವ ಇಪ್ಪತ್ತೇಳು ವರ್ಷದಿಂದ ಬಲ್ಲಳು. ಅವನ್ನು ಚಾಳಿನ ಬಾಯಲ್ಲಿ ಕೇಳಿದ್ದಳು, ಇವತ್ತು ಮಗಳ ಕೈಯಲ್ಲಿ ನೋಡಿದಳು.

ನಡೆದದ್ದಿಷ್ಟು. ಮುಷ್ಕರ ಸೊರಗುತ್ತ ಬಂದಾಗ ಯೂನಿಯನ್ನಿನವರು ಮಾಲೀಕನ ಅಣಕು ಶವಯಾತ್ರೆ ತೆಗೆಯಬೇಕೆಂದು ನಿಶ್ಚಯಿಸಿದರು. ಹುಲ್ಲಿನ ಬೊಂಬೆಗೆ ಕೋಟು ತೊಡಿಸಿ, ಚಟ್ಟಕ್ಕೆ ಕಟ್ಟಿ, ಹಲಗೆ ಬಾರಿಸುತ್ತ ಪೇಟೆಯೆಲ್ಲ ತಿರುಗುವುದು. ಎಲ್ಲ ಸರಿ, ಹೆಣದ ಮುಂದೆ ಅಳಲಿಕ್ಕೆ ಹೆಂಡತಿ ಬೇಕಲ್ಲ? ಗಂಡಸಿಗೇ ಸೀರೆ ಉಡಿಸೋಣ ಅಂದರು ಕೆಲವರು. ಈಶಪ್ಪ ಒಪ್ಪಲಿಲ್ಲ. "ಗಂಡಸು ಅತ್ರ ಮಂದಿ ನಗತೈತಿ. ಖರೇ ಹೆಂಗಸು ಅತ್ರ ಮಾಲೀಕ ನಡಗತಾನ" ಅಂದ. ಹಾಗಾದರೆ ನಿಮ್ಮ ಹೆಂಡತಿ ಗಿರಿಜಾಬಾಯಿಯನ್ನೇ ಕರೀರಿ ಎಂದಾಗ ಗಿರಿಜಾಬಾಯಿಗೆ ಜ್ವರ ಬಂದಿದೆ ಅಂದ. ಆ ಜ್ವರ ಶವಯಾತ್ರೆಯ ಮರುದಿನ ಇಳಿಯಿತು.

ಕಡೆಗೆ ಎಲ್ಲರ ಕಣ್ಣು ದುರ್ಗವ್ವನ ಮೇಲೆ ಬಿತ್ತು. ಹಾಡ್ಯಾಡಿಕೊಂಡು ಅಳುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಯಾರ ಮನೆಯಲ್ಲಿ ಸಾವಾದರೂ ಅವಳು ಬಂದು ಕೂತು, ಸತ್ತವರ ಗುಣ ಒಂದೊಂದಾಗಿ ಹಾಡಿ ಅತ್ತರೆ ಕಲ್ಲಿನಂಥವರ ಕಣ್ಣಲ್ಲೂ ನೀರು. ಆದರೆ ಸತ್ತವರಿಗೆ ಅಳುವುದು ಬೇರೆ, ಗಂಡನನ್ನು ಮನೆಯಲ್ಲಿಟ್ಟುಕೊಂಡು ಇನ್ನೊಬ್ಬನ ಹೆಣದ ಮುಂದೆ ಹೆಂಡತಿಯಾಗಿ ಕೂತು ಕುಂಕುಮ ಒರೆಸಿ ಬಳೆ ಒಡೆಯುವುದು ಬೇರೆ. ದುರ್ಗವ್ವ ಸುತಾರಾಂ ಆಗುವುದಿಲ್ಲ ಅಂದಳು. ಶೇಖಪ್ಪ ಉಣ್ಣದೆ ಮಲಗಿದ.

"ಬಳಿ ಅಂದ್ರ ಗಾಜು," ಅಂದ. "ಗಾಜು ಒಡದ್ರ ಗಂಡ ಸಾಯತಾನಂದ್ರ ಆ ಬಳಿಗಾರ ಯಾವಾಗೋ ಅರ್ಧಾ ದಾಂಡೇಲಿ ಕೊಂದಿರತಿದ್ದ. ಅಧ್ಯಕ್ಷನ ಹೆಂಡತಿನ ಅಂಜಿದ್ರ ಉಳದವರು ಯಾವ ಧೈರ್ಯದ ಮ್ಯಾಲ ಬರತಾರ?"

ಗಂಡ ಉಣ್ಣಲಿ ಎಂದು ಅವಳು ಹೂಂ ಅಂದಳು. ಹುಲ್ಲಿನ ಹೆಣದ ಮುಂದೆ ಕೂತು ಮಾಲೀಕನ ಹೊಟ್ಟೆ, ಅವನ ಕಾರು, ಅವನ ಬೀಗದ ಕೈ ಎಲ್ಲವನ್ನೂ ಹಾಡಿ ಅತ್ತಳು. ಮಂದಿ ಬಿದ್ದು ಬಿದ್ದು ನಕ್ಕಿತು. ಬಳೆ ಒಡೆದಾಗ ಚಪ್ಪಾಳೆ ಬಿತ್ತು. ಪೇಪರಿನಲ್ಲಿ ಫೋಟೋ ಬಂತು.

ಮುಂದಿನ ಅಮಾವಾಸ್ಯೆ ಇನ್ನೂ ದಾಟಿರಲಿಲ್ಲ. ಮನವಿ ಕೊಡಲು ಬೆಳಗಾವಿಗೆ ಹೊರಟ ಟೆಂಪೋ ಮಳೆಯಲ್ಲಿ ತಿರುವಿಗೆ ಉರುಳಿತು. ಇದ್ದವರಿಗೆಲ್ಲ ಕೈಕಾಲಿಗೆ ಪೆಟ್ಟಾಯಿತು, ಶೇಖಪ್ಪ ಒಬ್ಬನೇ ಸತ್ತ. ಟೈರು ಸವೆದು ನುಣ್ಣಗಾಗಿದ್ದ ಆ ಟೆಂಪೋ ಗೊತ್ತು ಮಾಡಿದವನು ಈಶಪ್ಪ. ತಾನು ಮಾತ್ರ ಬಸ್ಸಿಗೆ ಹಿಂದಿನಿಂದ ಬರುತ್ತೇನೆಂದು ಉಳಿದುಕೊಂಡಿದ್ದ. ಟೆಂಪೋದ ಮಾತು ಯಾರೂ ಎತ್ತಲಿಲ್ಲ. ಎತ್ತುವ ಜರೂರಿಯೇ ಬೀಳಲಿಲ್ಲ. "ಗಂಡ ಇರೂತ್ಲೆ ಬಳಿ ಒಡಕೊಂಡ್ಲು, ಮತ್ತೇನಾಗಬೇಕು" ಎಂದು ಹೆಂಗಸರು ಅಂದರು, ಗಂಡಸರು ತಲೆಯಾಡಿಸಿದರು. ಮೂಢನಂಬಿಕೆ ಬಿಡಿ ಎಂದು ಭಾಷಣ ಬಿಗಿಯುತ್ತಿದ್ದ ಈಶಪ್ಪನ ಬಾಯಿಗೆ ಅವತ್ತು ಬೀಗ ಬಿತ್ತು. ಕ್ರಾಂತಿ ಅಲ್ಲಿಗೆ ಮುಗಿದು, ತಿಂಗಳೊಳಗೆ ಎಲ್ಲರೂ ತಲೆ ತಗ್ಗಿಸಿ ಗೇಟಿನ ಒಳಗೆ ಹೋದರು.

ಇನ್ನೊಂದು ಮಾತುಂಟು. ಶೇಖಪ್ಪನ ಹೆಣ ಮನೆಗೆ ಬಂದಾಗ ದುರ್ಗವ್ವನಿಗೆ ಹಾಡು ಬರಲಿಲ್ಲ. ಇದ್ದಬದ್ದ ಹಾಡೆಲ್ಲ ಹುಲ್ಲಿಗೆ ಸುರಿದು ಬಂದಿದ್ದಳು. ಮೂಕಿಯಂತೆ ಕೂತಳು. ಮಂದಿ ಅದನ್ನೂ ಅವಳ ಲೆಕ್ಕಕ್ಕೇ ಹಚ್ಚಿದರು. ಆಮೇಲೆ ಯಾವ ಸಾವಿಗೂ ಅವಳನ್ನು ಅಳಲು ಕರೆಯಲಿಲ್ಲ.

"ಜ್ಯೋತಿ," ಎಂದಳು ದುರ್ಗವ್ವ, ಪುಟದ ಮೇಲೆ ಬೆರಳಿಟ್ಟು. "ಈ ಬಳಿ ಚೂರು ಇಲ್ಲಿಂದ ಅಲ್ಲೀತನ ಹೆಂಗ ಹೋದವು?"

ಕನ್ನಡಿಯ ಮುಂದೆ ಕೂದಲು ಬಾಚುತ್ತಿದ್ದ ಜ್ಯೋತಿ ತಿರುಗಿ ನೋಡಿದಳು. ಬಾಚಣಿಗೆ ಕೆಳಗಿಟ್ಟಳು. "ಅದು ಚಿತ್ರಾ ಅವ್ವಾ. ಕೆಳಗ ಬರದೇನಲ್ಲ."

"ಏನ ಬರದಿ? ಓದು."

ಜ್ಯೋತಿ ಪಕ್ಕ ಕೂತು ಓದಿದಳು. "ಅವ್ವ ಬಳೆ ಒಡೆದಳು. ಅಪ್ಪ ಸತ್ತ. ಒಂಬತ್ತು ವರ್ಷದ ನಾನು ಇವೆರಡನ್ನೂ ಕೂಡಿಸಿದೆ. ಎಲ್ಲರೂ ಕೂಡಿಸಿದ್ದರು."

"ನೀನೂನ?"

"ಆವಾಗ, ಅವ್ವಾ. ಆವಾಗ ನಾ ಸಣ್ಣಾಕಿ. ಈಗ ಅಲ್ಲ. ಮುಂದಿನ ಪುಟದಾಗ ಅದನ್ನ ಬರದೇನಿ, ಅದೆಲ್ಲಾ ಸುಳ್ಳು ಅಂತ..."

ದುರ್ಗವ್ವ ಮುಂದಿನ ಪುಟ ತಾನೇ ತಿರುವಿದಳು. ಸಾಂಬ್ರಾಣಿ ಎಂಬ ಊರಿನ ಅತ್ತೆಯ ಮನೆ. ಶೇಖಪ್ಪನ ಅಕ್ಕ ಸಿದ್ದಕ್ಕನ ಪಕ್ಕದಲ್ಲಿ ಸಣ್ಣ ಜ್ಯೋತಿ ಮಲಗಿದ್ದಳು, ಅತ್ತೆಯ ಬಳೆಗಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು. ಇನ್ನೊಂದರಲ್ಲಿ ಹುಡುಗಿ ತನ್ನ ಕೈಯ ಬಳೆ ಕಳಚಿ ಅಕ್ಕಿ ಡಬ್ಬಿಯಲ್ಲಿ ಹುಗಿಯುತ್ತಿದ್ದಳು. ಮತ್ತೊಂದರಲ್ಲಿ ತಾಯಿ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಹುಡುಗಿ ಅತ್ತೆಯ ಬೆನ್ನ ಹಿಂದೆ ಅವಿತಿದ್ದಳು.

ಇದಕ್ಕೆ ಅಕ್ಷರ ಬೇಕಿರಲಿಲ್ಲ. ಅಪ್ಪ ಸತ್ತ ಮೇಲೆ ಹುಡುಗಿ ತಾಯಿಯ ಕೈತುತ್ತು ಉಣ್ಣಲಿಲ್ಲ. ಅತ್ತೆಯ ಮನೆಯಲ್ಲೇ ಇರುತ್ತೇನೆಂದು ಹಟ ಹಿಡಿದು ಹೋದವಳು ಹತ್ತನೆಯ ತರಗತಿ ಮುಗಿಯುವ ತನಕ ಬರಲಿಲ್ಲ. ಗಾಜಿನ ಬಳೆ ಮುಟ್ಟಲಿಲ್ಲ, ಇವತ್ತಿಗೂ ಬರಿಗೈ. ದುಃಖ ಎಂದುಕೊಂಡಿದ್ದಳು ದುರ್ಗವ್ವ. ದೊಡ್ಡವಳಾದ ಮೇಲೆ ಧಾರವಾಡದ ಫ್ಯಾಷನ್ನು ಎಂದುಕೊಂಡಿದ್ದಳು. ಹೆದರಿಕೆ ಎಂದು ಇವತ್ತು ಗೊತ್ತಾಯಿತು. ಹುಡುಗಿ ಹೆತ್ತ ತಾಯಿಗೇ ಹೆದರಿದ್ದಳು. ಥೂ, ಇಂಥದ್ದನ್ನು ಯಾವ ತಾಯಿಯೂ ನೋಡಬಾರದು!

"ನನ್ನ ಅಳಾಕ ಹಚ್ಚಿದವರು ಯಾರು ಅಂತ ತಗದಿಯೇನು ಇದರಾಗ?" ಎಂದು ಕೇಳಿದಳು.

"ನೀನ ಮುಂದ ಬಂದಿ ಅಂತ ಈಶಪ್ಪ ಕಾಕಾ ಹೇಳಿದ್ರು. ಧೈರ್ಯದ ಹೆಣ್ಣಮಗಳು ಅಂತ..."

"ಅವರನ್ನ ಕೇಳಿದಿ?"

"ಮೂರ ಸಲ ಹೋಗಿದ್ದೆ ಅವ್ವಾ ಅವರ ಮನಿಗೆ. ಎಲ್ಲಾ ರೆಕಾರ್ಡ್ ಮಾಡಕೊಂಡು ಬಂದೆ."

"ಮತ್ತ ನನ್ನ? ನಾ ಎಲ್ಲಿ ಹೋಗಿದ್ದೆ? ಒಲಿ ಮುಂದನ ಇದ್ದೆನಲ್ಲ." ದುರ್ಗವ್ವನ ದನಿ ಏರಲಿಲ್ಲ. ಏರಿದ್ದರೆ ಜ್ಯೋತಿಗೆ ಹಗುರಾಗುತ್ತಿತ್ತು. ಅವಳು ಗಂಡ ಉಣ್ಣದೆ ಮಲಗಿದ್ದನ್ನೂ, ಗಿರಿಜಾಬಾಯಿಯ ಜ್ವರವನ್ನೂ, ಟೆಂಪೋದ ಟೈರನ್ನೂ ಒಂದೊಂದಾಗಿ ಹೇಳಿದಳು. ಸತ್ತವನ ಮೇಲೆ ದೂರು ಹೇಳಬಾರದೆಂದು ಇಷ್ಟು ವರ್ಷ ನುಂಗಿಕೊಂಡದ್ದು ರೊಟ್ಟಿಯ ಹಿಟ್ಟು ಆರುವುದರೊಳಗೆ ಮುಗಿಯಿತು. ಜ್ಯೋತಿ ಅಳುತ್ತಿದ್ದಳು.

"ಈ ಹಾಳಿ ಹರಿ," ಅಂದಳು ದುರ್ಗವ್ವ.

"ಅಚ್ಚಾಗೇತಿ ಅವ್ವಾ. ಮುನ್ನೂರು ಪುಸ್ತಕ. ಧಾರವಾಡದಾಗ ಮಾರಾಕೂ ಹತ್ಯಾವು. ಮುಂದ ಮತ್ತ ಅಚ್ಚ ಹಾಕಿದ್ರ ತಿದ್ದತೇನಿ, ನಿನ್ನ ಆಣಿ."

"ಇಲ್ಲಿ ಚಾಳಿನಾಗ ಓದಾವರು ಎಷ್ಟ ಮಂದಿ ಅದಾರ? ಎಲ್ಲಾರೂ ನನ್ನಂಗ ಚಿತ್ರಾನ ನೋಡಾವರು. 'ನೋಡ್ರಿ, ಮಗಳ ತಗದಾಳ, ಇನ್ನೇನ ಉಳೀತು' ಅಂತಾರ." ಆಮೇಲೆ ಎದ್ದು ತವೆ ಏರಿಸಿ ಉಳಿದ ರೊಟ್ಟಿ ಬಡಿದು ಮುಗಿಸಿದಳು. ಹೋಂಸ್ಟೇದವರ ಗಾಡಿ ಬರುವ ಹೊತ್ತಾಗಿತ್ತು.

ಮಧ್ಯಾಹ್ನ ಇಳಿದ ಮೇಲೆ ಕಾರ್ಯಕ್ರಮ. ಅದೇ ಕಲ್ಯಾಣ ಮಂಟಪದಲ್ಲಿ, ಫ್ಯಾಕ್ಟರಿ ಇದ್ದ ಜಾಗದಲ್ಲಿ. ದುರ್ಗವ್ವ ಬರುವುದಿಲ್ಲವೇನೋ ಎಂದು ಜ್ಯೋತಿ ಅಂದುಕೊಂಡಿದ್ದಳು. ಅವಳು ಇಳಕಲ್ ಸೀರೆ ಉಟ್ಟು ಮಗಳಿಗಿಂತ ಮೊದಲೇ ತಯಾರಾದಳು. ಒಳಗೆ ಕಾಲಿಟ್ಟು ನೋಡಿದರೆ, ವೇದಿಕೆಯ ಹಿಂದೆ ಗೋಡೆಯಷ್ಟು ಎತ್ತರದ ಫ್ಲೆಕ್ಸು. ಬೇರೆ ಯಾವ ಚಿತ್ರವೂ ಸಿಕ್ಕಿರಲಿಲ್ಲ ಕಾರ್ಯಕ್ರಮ ಇಟ್ಟವರಿಗೆ. ಬಾಯಿ ತೆರೆದ ದುರ್ಗವ್ವ, ಹಾರುವ ಹಸಿರು ಚೂರು, ಮಳೆಯಲ್ಲಿ ಬಿದ್ದ ಶೇಖಪ್ಪ.

"ನಾ ಹೇಳಿರಲಿಲ್ಲ ಅವ್ವಾ, ಇದನ್ನ ಅವರ ಮಾಡಸ್ಯಾರ," ಎಂದು ಜ್ಯೋತಿ ತಡವರಿಸಿದಳು. ಚಾಳಿನ ಮುದುಕಿಯರು ಫ್ಲೆಕ್ಸು ನೋಡಿದರು, ದುರ್ಗವ್ವನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು.

ಈಶಪ್ಪ ಪುಸ್ತಕ ಬಿಡುಗಡೆ ಮಾಡಿದ. ಮೀಸೆ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಕ್ರಾಂತಿ ಸತ್ತಿಲ್ಲ ಅಂದ. ದುಡಿಯುವವರ ಶತ್ರು ಮಾಲೀಕ ಒಬ್ಬನೇ ಅಲ್ಲ, ತಲೆಯೊಳಗಿನ ಮೂಢನಂಬಿಕೆಯೂ ಶತ್ರು ಅಂದ. ಆ ಕಾಲದಲ್ಲೇ ನಮ್ಮ ಹೆಣ್ಣುಮಕ್ಕಳು ಬಳೆ ಒಡೆದು ಮೂಢನಂಬಿಕೆಗೆ ಸವಾಲು ಹಾಕಿದ್ದರು ಎಂದು ಫ್ಲೆಕ್ಸಿನತ್ತ ಕೈ ತೋರಿಸಿದ. ಚಪ್ಪಾಳೆ ಬಿತ್ತು. ಚಪ್ಪಾಳೆಯ ರುಚಿ ಹತ್ತಿದವನಿಗೆ ಅಷ್ಟಕ್ಕೇ ಸುಮ್ಮನಿರಲಾದೀತೇ? ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತಿದ್ದ ದುರ್ಗವ್ವನತ್ತ ತಿರುಗಿದ.

"ನಮ್ಮ ದುರ್ಗವ್ವ ತಂಗಿ ಇಲ್ಲೇ ಅದಾಳ. ಅವತ್ತಿನ ಆ ಅಳೂ ಹಾಡು ಈಗಿನ ಹುಡುಗೂರು ಕೇಳಿಲ್ಲ. ಎರಡ ನುಡಿ ಹಾಡವಾ!"

ಜ್ಯೋತಿ ಬೇಡ ಎಂದು ತಲೆಯಾಡಿಸುತ್ತ ಅರ್ಧ ಎದ್ದಳು. ದುರ್ಗವ್ವ ಆಗಲೇ ಮೈಕಿನ ಮುಂದಿದ್ದಳು.

"ಹಾಡತೇನ್ರಿ ಅಣ್ಣಾ. ಆದ್ರ ಆ ಮಾಲೀಕ ಖರೇನ ಸತ್ತು ಭಾಳ ವರ್ಷ ಆತು. ನಾಟಕಕ್ಕ ಜೀವಂತ ಇದ್ದಾವರು ಬೇಕಲ್ಲ?"

ಜನ ನಕ್ಕರು. ಈಶಪ್ಪನೂ ನಕ್ಕ. ದುರ್ಗವ್ವ ವೇದಿಕೆಯ ಮೇಲೆ ಕಾಲು ಮಡಚಿ ಕೂತಳು, ಸೆರಗು ಬಿಚ್ಚಿ ಹರವಿಕೊಂಡಳು, ಮೈಕು ಬಾಯಿಯ ಹತ್ತಿರ ಎಳೆದುಕೊಂಡಳು. ಇಪ್ಪತ್ತೇಳು ವರ್ಷ ಬಾರದೇ ಇದ್ದದ್ದು ಆಗ ಬಂತು. ಗಂಟಲಿನಿಂದ ಬಂತೋ ಹೊಟ್ಟೆಯಿಂದ ಬಂತೋ, ಸಭೆಯ ಹಿಂದಿನ ಸಾಲಿನಲ್ಲಿ ಮೊಬೈಲು ತಿಕ್ಕುತ್ತಿದ್ದವರೂ ತಲೆಯೆತ್ತಿದರು.

"ಯಪ್ಪಾ ಈಶಪ್ಪಾ... ಎದ್ದ ಬಾರೋ ನಮ್ಮಪ್ಪಾ...
ಮೈಕಿನ ಮುಂದ ಹುಲಿಯಂಗಿದ್ದಿ, ಮಣ್ಣಿಗೆ ಯಾಕ ಮಲಗಿದ್ಯೋ...
ಬಿಳಿ ಮೀಸಿ ತೀಡಾವರಿಲ್ಲೋ, ಮಾತ ಹೇಳಾವರಿಲ್ಲೋ...
ಗಿರಿಜಾನ ಕೈ ಬರಿದು ಮಾಡಿ ಒಬ್ಬನ ಹೆಂಗ ಹೊಂಟ್ಯೋ..."

ಒಂದೊಂದು ನುಡಿಗೂ ಬಳೆಯಿಲ್ಲದ ಕೈಯನ್ನು ವೇದಿಕೆಯ ಹಲಗೆಗೆ ಬಡಿದಳು. ಮೈಕಿನಲ್ಲಿ ಅದು ಧಡ್ ಧಡ್ ಎಂದು ಕೇಳುತ್ತಿತ್ತು. ಮೊದಲ ನುಡಿಗೆ ನಗು ಇತ್ತು, ಎರಡನೆಯದಕ್ಕೆ ಇರಲಿಲ್ಲ. ಮೂರನೆಯದಕ್ಕೆ ಈಶಪ್ಪ ಕುರ್ಚಿಯ ತೋಳು ಹಿಡಿದುಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಗಿರಿಜಾಬಾಯಿ ತನ್ನ ಹೆಸರು ಕೇಳಿದ್ದೇ ಎರಡೂ ಕೈಯ ಬಳೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಏ ಸಾಕ, ಸಾಕ! ನಿಲ್ಲಸ್ರಿ!" ಈಶಪ್ಪ ಎದ್ದು ನಿಂತಿದ್ದ. ಹಣೆ ಬೆವೆತಿತ್ತು. "ಜೀವಂತ ಇರೂ ಮನಶ್ಯಾಗ ಹಿಂಗ ಅಳತಾರೇನು? ಅಪಶಕುನಾ!"

ಆ ಮಾತೂ ಮೈಕಿನಲ್ಲೇ ಹೋಯಿತು. ದುರ್ಗವ್ವ ಹಾಡು ನಿಲ್ಲಿಸಿ, ಕಣ್ಣೊರೆಸಿಕೊಂಡು, ಕೂತಲ್ಲಿಂದಲೇ ಮುಖವೆತ್ತಿ ಅವನನ್ನು ನೋಡಿದಳು.

"ನಾಟಕಾ ಅಲ್ಲೇನ್ರಿ ಅಣ್ಣಾ? ಅವತ್ತ ಹಂಗಂದ ನನ್ನ ಕೂಡ್ರಿಸಿದ್ರಿ. ನಿಮ್ಮ ಮನ್ಯಾಕಿಗೆ ಜ್ವರ ಬಂದಿತ್ತು. ನಾ ಬಳಿ ಸೈತ ಒಡದಿಲ್ಲ, ಬರೇ ಹಾಡೇನಿ. ಇಷ್ಟಕ್ಕ ಬೆವತ್ರ ಹೆಂಗ್ರಿ?"

ಯಾರೋ ಈಶಪ್ಪನಿಗೆ ನೀರು ಕೊಟ್ಟರು. ಇನ್ಯಾರೋ ವಂದನಾರ್ಪಣೆ ಎಂದು ಕೂಗಿದರು. ದುರ್ಗವ್ವ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಾಗ ಗಿರಿಜಾಬಾಯಿ ಅಡ್ಡ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಹಿಂದಕ್ಕ ತಗೋ ದುರ್ಗವ್ವಾ. ನಿನ್ನ ಕಾಲ ಬೀಳತೇನಿ. ಸುಳ್ಳು ಅಂತ ಒಂದ ಮಾತ ಅನ್ನು."

ಪಾಪ, ಅವಳಿಗೂ ಎಪ್ಪತ್ತರ ಹತ್ತಿರ. ಆದರೂ ದುರ್ಗವ್ವನ ಬಾಯಿಗೆ ಬಂದದ್ದು ಬೇರೆ.

"ಆವಾಗ ನಾನೂ ನಿನ್ನ ಮನಿಗೆ ಬಂದಿದ್ದೆ ಗಿರಿಜಾ. ನಂದೇನೂ ತಪ್ಪಿಲ್ಲ ಅಂತ ನಾಕ ಮಂದ್ಯಾಗ ನಿಮ್ಮವರ ಕಡಿಂದ ಒಂದ ಮಾತ ಹೇಳಸು ಅಂತ ಕೇಳಿದ್ದೆ. ನೀ ಬಾಗಲಾ ಹಾಕ್ಕೊಂಡಿ." ಅವಳು ತನ್ನ ಕೈ ಬಿಡಿಸಿಕೊಂಡಳು. "ಅಮಾಸಿ ತನಕ ಕಾಯಿ. ಅವರಿಗೇನೂ ಆಗಲಿಲ್ಲ ಅಂದ್ರ ಚಾಳಿನ ಮಂದೀನೆಲ್ಲಾ ಕರಕೊಂಡು ನನ್ನ ಬಾಗಲಿಗೆ ಬಾ. ಬಳಿ ಒಡದ್ರ ಯಾರೂ ಸಾಯೂದಿಲ್ಲ ಅಂತ ಅವರೆಲ್ಲಾರ ಮುಂದ ನೀನ ಹೇಳು."

ತಾಯಿ ಮಗಳು ಹೊರಗೆ ಬಂದರು. ಇಳಿಬಿಸಿಲು ಇನ್ನೂ ರಸ್ತೆಯ ಮೇಲಿತ್ತು, ಗೋವಾದ ಕಡೆ ಹೋಗುವ ಲಾರಿಗಳು ಸಾಲು ಹಿಡಿದಿದ್ದವು. ಚಾಳಿನ ತಿರುವಿನಲ್ಲಿ ಜ್ಯೋತಿ ತಾಯಿಯ ರಟ್ಟೆ ಹಿಡಿದು ನಿಲ್ಲಿಸಿದಳು.

"ಅವ್ವಾ, ಖರೇ ಹೇಳು. ನೀನ ನಂಬತಿಯೇನು ಅದನ್ನ?"

ಇಷ್ಟು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ದುರ್ಗವ್ವ ಮಗಳ ಬರಿಗೈ ನೋಡಿದಳು, ತನ್ನ ಬರಿಗೈ ನೋಡಿದಳು. ಹಲಗೆಗೆ ಬಡಿದ ಕಡೆ ಮಣಿಕಟ್ಟು ಕೆಂಪಗೆ ಬಾತಿತ್ತು.

"ಅಮಾಸಿ ದಾಟಲಿ ತಡಿ," ಅಂದಳು. "ಈಶಪ್ಪ ಜೀವಂತ ಇದ್ರ, ನಿಮ್ಮಪ್ಪನ್ನ ನಾ ಕೊಂದಿಲ್ಲ ಅಂತ ನನಗೂ ತಿಳೀತೈತಿ."